ಅಗ್ಗದ್ದು ಸಾಕು, ನಕಲಿ ಬೇಡ: ಬೈಕಿನ ಆಯಿಲ್ ಫಿಲ್ಟರ್ ಪುರಾಣ

ಉಡುಪಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬೈಕಿನ ಆಯಿಲ್ ಫಿಲ್ಟರ್ ಕೇಳಿದರೆ ಕೌಂಟರಿನ ಆಚೆಯಿಂದ ಬರುವ ಮೊದಲ ಮಾತು, "ಕಂಪನಿದ್ದು ಬೇಕಾ, ಲೋಕಲ್ ಆದೀತಾ?" ಪಕ್ಕದಲ್ಲಿ ನಿಂತ ಮಣಿಪಾಲದ ಹುಡುಗ ಇವೆರಡನ್ನೂ ಬಿಟ್ಟು ಮೊಬೈಲಿನಲ್ಲಿ ಮೂರನೆಯದನ್ನು ತೋರಿಸುತ್ತಾನೆ: ಸಾವಿರ ರೂಪಾಯಿ ದಾಟಿದ ವಿದೇಶಿ ಫಿಲ್ಟರ್. ನೂರರ ಆಸುಪಾಸಿನ ಕಾಗದದ ಉರುಳೆಗೂ ಅದಕ್ಕೂ ಹತ್ತು ಪಟ್ಟು ಅಂತರ. ಈ ಅಂತರ ಎಂಜಿನ್ನಿಗೆ ಗೊತ್ತಾಗುತ್ತದೆಯೇ? ಕೆಲವಕ್ಕೆ ಸ್ವಲ್ಪ ಗೊತ್ತಾಗುತ್ತದೆ, ಹೆಚ್ಚಿನವಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಕಂಪನಿಯ ಹೆಸರು ಹೊತ್ತ ನಕಲಿ ಮಾಲು ಒಳಗೆ ಕೂತರೆ ಎಲ್ಲ ಎಂಜಿನ್ನಿಗೂ ಗೊತ್ತಾಗುತ್ತದೆ, ಸ್ವಲ್ಪ ತಡವಾಗಿ.

ಆಯ್ಕೆಗೆ ಕೂರುವ ಮೊದಲು ಕೇಳಿಕೊಳ್ಳಬೇಕಾದ್ದು ಬೇರೊಂದಿದೆ. ನಿಮ್ಮ ಗಾಡಿಯಲ್ಲಿ ಬದಲಿಸುವಂಥ ಆಯಿಲ್ ಫಿಲ್ಟರ್ ಇದೆಯೇ?

ಕೆಎ 20 ನಂಬರಿನ ಎಷ್ಟೋ ದ್ವಿಚಕ್ರ ವಾಹನಗಳಲ್ಲಿ ಅದು ಇಲ್ಲವೇ ಇಲ್ಲ. ಬೆಳಗಿನ ಜಾವ ಮಲ್ಪೆ ಬಂದರಿನ ಕಡೆ ಸಾಲುಗಟ್ಟುವ ಆಕ್ಟಿವಾಗಳಲ್ಲಿ ಇರುವುದು ಲೋಹದ ಒಂದು ಜಾಳಿಗೆ ಮಾತ್ರ. ತೆಗೆದು, ತೊಳೆದು, ಮತ್ತೆ ಹಾಕುವುದಷ್ಟೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, 1994ರಲ್ಲಿ ಬಂದ ಸ್ಪ್ಲೆಂಡರ್, ಇವುಗಳ ಎಂಜಿನ್ನಿನಲ್ಲೂ ಕಾಗದದ ಫಿಲ್ಟರ್ ಇಲ್ಲ. ಜಾಳಿಗೆಯ ಜೊತೆಗೆ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಬಟ್ಟಲಿನಂಥ ಒಂದು ಭಾಗ ಅದರೊಡನೆಯೇ ತಿರುಗುತ್ತಿರುತ್ತದೆ. ಎಣ್ಣೆ ಅದರ ಮೂಲಕ ಹಾಯುವಾಗ ಭಾರದ ಕಣಗಳು ಹೊರಕ್ಕೆ ಚಿಮ್ಮಿ ಗೋಡೆಗೆ ಅಂಟಿ ಕೂರುತ್ತವೆ. ಬಲಬದಿಯ ಕವರ್ ಬಿಚ್ಚಿದರೆ ಮಾತ್ರ ಅದನ್ನು ಸ್ವಚ್ಛ ಮಾಡಲು ಸಾಧ್ಯ. ಕ್ಲಚ್ ಪ್ಲೇಟ್ ಬದಲಿಸುವ ದಿನ ಬಂದಾಗ ಅದನ್ನೂ ಒರೆಸಿಬಿಡಿ ಎಂದು ಮೆಕ್ಯಾನಿಕ್ಕಿಗೆ ಹೇಳುವವರು ಕಡಿಮೆ. ಹೇಳಬೇಕು. ಇಂಥ ಗಾಡಿಯ ಸರ್ವಿಸ್ ಬಿಲ್ಲಿನಲ್ಲಿ "ಫಿಲ್ಟರ್" ಎಂಬ ಸಾಲು ಕಂಡರೆ ಅದು ಏರ್ ಫಿಲ್ಟರ್ ಆಗಿರಬೇಕು. ಆಯಿಲ್ ಫಿಲ್ಟರ್ ಎಂದು ಬರೆದಿದ್ದರೆ ಮಾತ್ರ, ಎಲ್ಲಿ ಹಾಕಿದಿರಿ ಮಾರಾಯ್ರೇ ಎಂದು ಕೇಳಿ.

ಅದಕ್ಕೂ ಹಿಂದೆ ಹೋದರೆ ಫಿಲ್ಟರಿನ ಪ್ರಶ್ನೆಯೇ ಏಳುತ್ತಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರ ತನಕ ಹೊರಬಂದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಎಣ್ಣೆ ಪೆಟ್ರೋಲಿನ ಜೊತೆ ಬೆರೆತು ಉರಿದು ಹೊಗೆಯಾಗಿ ಹೋಗುತ್ತಿತ್ತು. ಮರಳಿ ಬರುವ ಎಣ್ಣೆಯೇ ಇಲ್ಲದ ಮೇಲೆ ಎಂಜಿನ್ನಿನಲ್ಲಿ ಸೋಸುವುದೇನನ್ನು? ಆರ್‌ಎಕ್ಸ್ 100 ಕೂಡ ಅದೇ ಜಾತಿ. ಹಾಗಾಗಿ ಐವತ್ತು ದಾಟಿದ ಬೈಕ್ ಪ್ರಿಯರಲ್ಲಿ ಅನೇಕರಿಗೆ ಆಯಿಲ್ ಫಿಲ್ಟರಿನ ಪರಿಚಯವಾದದ್ದು ನಾಲ್ಕು ಸ್ಟ್ರೋಕಿನ ದೊಡ್ಡ ಬೈಕುಗಳ ಜೊತೆಗೆ. ಪಲ್ಸರ್, ಆರ್15, ಡ್ಯೂಕ್, ರಾಯಲ್ ಎನ್‌ಫೀಲ್ಡ್ ಇಟ್ಟುಕೊಂಡವರಿಗೆ ಮಾತ್ರ ಇಲ್ಲಿಂದ ಮುಂದಿನ ಮಾತು.

ಬೈಕಿನ ಎಣ್ಣೆಗೆ ಕಾರಿನ ಎಣ್ಣೆಗಿಂತ ಹೆಚ್ಚು ದುಡಿಮೆ. ಕಾರಿನಲ್ಲಿ ಗೇರ್ ಬಾಕ್ಸಿಗೆ ಬೇರೆ ಎಣ್ಣೆ, ಕ್ಲಚ್ ಸಾಮಾನ್ಯವಾಗಿ ಒಣಗಿರುತ್ತದೆ. ನಮ್ಮ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಗೇರಿನ ಹಲ್ಲು ಸವೆದ ಉಕ್ಕಿನ ಚೂರು, ಕ್ಲಚ್ ಪ್ಲೇಟಿನಿಂದ ಉದುರಿದ ಪುಡಿ, ಸಿಲಿಂಡರಿನಿಂದ ಇಳಿದ ಮಸಿ ಎಲ್ಲವೂ ಅದೇ ಕೊಳಕ್ಕೆ. ಹೊಸ ಬೈಕಿನಲ್ಲಿ ಮೊದಲ ಸರ್ವಿಸ್ಸಿನ ಹೊತ್ತಿಗೆ ಇದು ತಾರಕಕ್ಕೇರಿರುತ್ತದೆ, ಏಕೆಂದರೆ ಹೊಸ ಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳುವ ಕಾಲ ಅದು. ಮೊದಲ ಸರ್ವಿಸ್ಸಿನಲ್ಲಿ ಫಿಲ್ಟರ್ ಉಳಿಸಿ ಎಣ್ಣೆ ಮಾತ್ರ ಬದಲಿಸುವುದು ಉಳಿತಾಯವಲ್ಲ.

ಇನ್ನು ಮೈಕ್ರಾನ್ ಲೆಕ್ಕ. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 40ಕ್ಕಿಂತ ಸಣ್ಣದು ಬರಿಗಣ್ಣಿಗೆ ಕಾಣುವುದು ಕಷ್ಟ. ಬೇರಿಂಗಿನಲ್ಲಿ ಲೋಹಕ್ಕೆ ಲೋಹ ತಾಗದಂತೆ ಹಿಡಿದಿಡುವ ಎಣ್ಣೆಯ ಪದರ ಕೆಲವೇ ಮೈಕ್ರಾನ್. ಆದ್ದರಿಂದ ಹೆಚ್ಚು ಹಾನಿ ಮಾಡುವುದು ಕೈಗೆ ಸಿಗುವ ಚೂರಲ್ಲ, ಆ ಪದರದೊಳಗೆ ತೂರಬಲ್ಲಷ್ಟು ಸಣ್ಣ ಕಣ. ಇದನ್ನು ಓದಿದವರು ಸಹಜವಾಗಿ ಅತಿ ಸಣ್ಣ ಮೈಕ್ರಾನ್ ಸಂಖ್ಯೆ ಬರೆದ ಡಬ್ಬಿ ಹುಡುಕುತ್ತಾರೆ. ಮಾರಾಟಗಾರರು ಕಾಯುವುದೂ ಅದಕ್ಕೇ.

ಮಲ್ಪೆಯ ಬಲೆಯಲ್ಲಿ ಕಣ್ಣಿಗಿಂತ ದೊಡ್ಡ ಮೀನು ಸಿಕ್ಕಿಬೀಳುತ್ತದೆ, ಸಣ್ಣದು ಪಾರಾಗುತ್ತದೆ. ಫಿಲ್ಟರಿನ ಕಾಗದ ಹಾಗಲ್ಲ. ಅದು ಅಡ್ಡಾದಿಡ್ಡಿ ನಾರುಗಳ ದಪ್ಪ ಹಾಸು. 20 ಮೈಕ್ರಾನಿನ ಕಣ ಒಮ್ಮೆ ಸಿಕ್ಕೀತು, ಇನ್ನೊಮ್ಮೆ ನುಸುಳೀತು. ಹಾಗಾಗಿ "20 ಮೈಕ್ರಾನ್" ಎಂಬ ಬರಹಕ್ಕೆ ಅಷ್ಟರಿಂದಲೇ ಅರ್ಥವಿಲ್ಲ. ಆ ಗಾತ್ರದ ನೂರು ಕಣಗಳಲ್ಲಿ ಎಷ್ಟನ್ನು ಹಿಡಿಯುತ್ತದೆ ಎಂದೂ ಹೇಳಬೇಕು. ಐವತ್ತನ್ನು ಹಿಡಿಯುವುದೂ ತನ್ನನ್ನು 20 ಮೈಕ್ರಾನ್ ಎಂದುಕೊಳ್ಳಬಹುದು, ತೊಂಬತ್ತೊಂಬತ್ತನ್ನು ಹಿಡಿಯುವುದೂ ಹಾಗೇ ಅಂದುಕೊಳ್ಳಬಹುದು. ಇದನ್ನು ಅಳೆಯಲು ಐಎಸ್‌ಒ 4548-12 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ಕ್ರಮವಿದೆ. ದುಬಾರಿ ಫಿಲ್ಟರಿನ ಪೊಟ್ಟಣದ ಮೇಲೆ ಆ ಹೆಸರಾಗಲಿ ಶೇಕಡಾವಾರಾಗಲಿ ಇಲ್ಲದಿದ್ದರೆ ನೀವು ಬಣ್ಣಕ್ಕೆ ದುಡ್ಡು ಕೊಡುತ್ತಿರಬಹುದು.

ಸಣ್ಣ ಕಣ ಹಿಡಿದಷ್ಟೂ ಒಳ್ಳೆಯದು ಎಂಬುದೂ ಪೂರ್ತಿ ನಿಜವಲ್ಲ. ತೀರ ಬಿಗಿ ಕಾಗದದಲ್ಲಿ ಎಣ್ಣೆ ಸರಾಗ ಹರಿಯುವುದಿಲ್ಲ, ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಾಗ ಎಂಜಿನ್ ಒಣಗಬಾರದೆಂದು ಬೈಪಾಸ್ ವಾಲ್ವ್ ಎಂಬ ಸಣ್ಣ ಬಾಗಿಲನ್ನು ಇಟ್ಟಿರುತ್ತಾರೆ, ಕೆಲವು ಬೈಕುಗಳಲ್ಲಿ ಫಿಲ್ಟರಿನೊಳಗೆ, ಕೆಲವುದರಲ್ಲಿ ಎಂಜಿನ್ನಿನ ಮೈಯಲ್ಲೇ. ಒತ್ತಡ ಒಂದು ಮಿತಿ ದಾಟಿದರೆ ಅದು ತೆರೆದುಕೊಂಡು ಸೋಸದ ಎಣ್ಣೆಯನ್ನೇ ಒಳಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆ ಎಣ್ಣೆ ಮೇಲು ಎಂಬುದು ಅಲ್ಲಿನ ತರ್ಕ. ಯಾವ ಒತ್ತಡಕ್ಕೆ ಅದು ತೆರೆಯಬೇಕೆಂದು ಎಂಜಿನ್ ಮಾಡಿದವರು ತಮ್ಮ ಪಂಪಿಗೆ ಹೊಂದಿಸಿ ತೀರ್ಮಾನಿಸಿರುತ್ತಾರೆ. ಥ್ರೆಡ್ ಹೊಂದುತ್ತದೆಂದು ಯಾವುದೋ ಕಾರಿನ ಫಿಲ್ಟರನ್ನು ಬೈಕಿಗೆ ತಿರುಗಿಸಿ ಕೂರಿಸುವ ಜಾಣರಿದ್ದಾರೆ. ಕೂರುತ್ತದೆ, ಸೋರುವುದೂ ಇಲ್ಲ. ಆದರೆ ಒಳಗಿನ ಬಾಗಿಲು ಯಾವಾಗ ತೆರೆಯುತ್ತದೆಂದು ಹೊರಗಿನಿಂದ ಕಾಣುವುದಿಲ್ಲವಲ್ಲ.

ಹೆಚ್ಚು ಬೆಲೆ ಹೋಗುವುದಾದರೂ ಎಲ್ಲಿಗೆ? ಪಲ್ಸರ್, ಡ್ಯೂಕ್, 350 ಸಿಸಿ ಎನ್‌ಫೀಲ್ಡ್‌ಗಳಲ್ಲಿ ಇರುವುದು ಎಂಜಿನ್ನಿನ ಒಳಗೆ, ಒಂದು ಮುಚ್ಚಳದ ಹಿಂದೆ ಕೂರುವ ಕಾಗದದ ಎಲಿಮೆಂಟ್. ಮಡಿಕೆ ಮಡಿಕೆಯಾದ ಕಾಗದ, ಎರಡು ತುದಿಗೆ ತಗಡು ಇಲ್ಲವೇ ರಬ್ಬರಿನ ಮುಚ್ಚಳ, ನಡುವೆ ತೂತು ತೂತಾದ ಕೊಳವೆ. ಇಷ್ಟರಲ್ಲಿ ದುಬಾರಿಯಾಗಲು ಹೆಚ್ಚು ಜಾಗವಿಲ್ಲ. ಕಾಗದಕ್ಕೆ ಗಾಜಿನ ಸೂಕ್ಷ್ಮ ನಾರು ಅಥವಾ ಸಿಂಥೆಟಿಕ್ ನಾರು ಬೆರೆಸಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಕೊಳೆ ಹಿಡಿಯುತ್ತದೆ, ಹರಿವೂ ಸಲೀಸು. ಲಾಭ ನಿಜ. ಆದರೆ ಅದು ಫಲ ಕೊಡುವುದು ಎಣ್ಣೆಯನ್ನು ಬಹಳ ದೂರ ಓಡಿಸುವವರಿಗೆ. ಎಣ್ಣೆಯನ್ನೇ ಹೊತ್ತಿಗೆ ಸರಿಯಾಗಿ ಬದಲಿಸುವವನ ಫಿಲ್ಟರು ತುಂಬುವ ಮೊದಲೇ ಹೊರಬೀಳುತ್ತದೆ.

ಎನ್‌ಫೀಲ್ಡ್ 650ರ ಅವಳಿ ಸಿಲಿಂಡರ್ ಬೈಕುಗಳಲ್ಲಿ ಇರುವಂಥದು ಬೇರೆ, ಸ್ಪಿನ್ ಆನ್. ಕಾರಿನದರಂತೆ ಹೊರಗೆ ತಿರುಗಿಸಿ ಕೂರಿಸುವ ತಗಡಿನ ಡಬ್ಬಿ. ಇದರೊಳಗೆ ಕಾಗದದ ಜೊತೆ ಬೈಪಾಸ್ ವಾಲ್ವು, ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ಪರದೆ, ಸ್ಪ್ರಿಂಗು, ಹೊರಗಡೆ ಗ್ಯಾಸ್ಕೆಟ್ಟು ಇರುತ್ತವೆ. ಇಲ್ಲಿ ದುಡ್ಡಿಗೆ ಅಡಗಲು ಜಾಗವಿದೆ. ಅಗ್ಗದ ಡಬ್ಬಿಯಲ್ಲಿ ಆ ಪರದೆ ಸಾಮಾನ್ಯ ನೈಟ್ರೈಲ್ ರಬ್ಬರಿನದು. ಬಿಸಿ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಇದ್ದು ಗಡುಸಾಗುತ್ತದೆ. ಒಳ್ಳೆಯದರಲ್ಲಿ ಸಿಲಿಕೋನ್, ಅದು ಬಿಸಿಯಲ್ಲೂ ಮೆತ್ತಗಿರುತ್ತದೆ. ಪರದೆ ಸೋತರೆ ರಾತ್ರಿಯಿಡೀ ಎಣ್ಣೆ ಇಳಿದುಹೋಗಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ಕ್ಷಣ ಬೇರಿಂಗುಗಳಿಗೆ ಎಣ್ಣೆ ತಲುಪದು. 650ರ ಕ್ರ್ಯಾಂಕ್ ನಿಂತಿರುವುದು ಗುಂಡುಗಳ ಮೇಲಲ್ಲ, ಎಣ್ಣೆಯ ಪದರದ ಮೇಲೆಯೇ. ಆ ಒಂದೆರಡು ಕ್ಷಣಕ್ಕೆ ಅಲ್ಲಿ ಬೆಲೆಯಿದೆ. ಮೇಲೆ ಹೇಳಿದ ಸ್ಪ್ಲೆಂಡರ್ ಗುಂಡು, ರೋಲರುಗಳ ಮೇಲೆ ತಿರುಗುವ ಎಂಜಿನ್. ಕಾಗದವಿಲ್ಲದೆಯೂ ಅದು ಬಾಳುವುದಕ್ಕೆ ಇದೊಂದು ಕಾರಣ.

ಒಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಬೈಕ್ ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ಮಾಡುವುದಿಲ್ಲ. ಬಿಡಿಭಾಗ ತಯಾರಕರಿಂದ ಮಾಡಿಸಿ ತಮ್ಮ ಪೊಟ್ಟಣದಲ್ಲಿ ಮಾರುತ್ತವೆ. ಬಾಷ್, ಪ್ಯೂರೋಲೇಟರ್, ಎಲೋಫಿಕ್‌ನಂಥ ತಯಾರಕರು ತಮ್ಮ ಹೆಸರಿನಲ್ಲೂ ಫಿಲ್ಟರ್ ಮಾರುತ್ತಾರೆ. ಆದ್ದರಿಂದ "ಕಂಪನಿದ್ದು" ಮತ್ತು "ಲೋಕಲ್" ಎಂಬ ಎರಡೇ ಖಾನೆಗಳಲ್ಲಿ ಲೋಕವನ್ನು ಹಂಚುವುದು ಸರಿಯಲ್ಲ. ನಡುವೆ ದೊಡ್ಡದೊಂದು ಖಾನೆಯಿದೆ: ಹೆಸರು, ವಿಳಾಸ, ಪಾರ್ಟ್ ನಂಬರ್ ಇರುವ ಬೇರೆ ತಯಾರಕರ ಮಾಲು. ವಾರಂಟಿ ಮುಗಿದ ಬೈಕಿಗೆ ಅದನ್ನು ಹಾಕಲು ಅಂಜಬೇಕಿಲ್ಲ. ವಾರಂಟಿ ಇರುವಾಗ ಕಂಪನಿ ಫಿಲ್ಟರನ್ನೇ ಹಾಕಿಸಿ ಬಿಲ್ ಇಟ್ಟುಕೊಳ್ಳಿ. ನೂರಿನ್ನೂರರ ಮುಖ ನೋಡಿ ಆಮೇಲೆ ವಾದಿಸುತ್ತ ಕೂರುವುದು ಬೇಡ.

ಇಷ್ಟೆಲ್ಲ ಎಲ್ಲ ಊರಿಗೂ ಒಂದೇ. ಆದರೆ ನಮ್ಮ ಜಿಲ್ಲೆಯಲ್ಲಿ ಗಂಟೆಯೊಳಗಿನ ದಾರಿಯಲ್ಲಿ ಫಿಲ್ಟರಿನ ಕಷ್ಟ ಮೂರು ಬಗೆಯಾಗುತ್ತದೆ.

ಮಣಿಪಾಲದಲ್ಲಿ ಬೈಕ್ ಓಡುವುದೇ ಕಡಿಮೆ, ಕೆಡುವುದು ಹೆಚ್ಚು. ಹಾಸ್ಟೆಲಿನಿಂದ ತರಗತಿಗೆ, ಅಲ್ಲಿಂದ ಟೈಗರ್ ಸರ್ಕಲ್ಲಿಗೆ, ಸಂಜೆ ಎಂಡ್ ಪಾಯಿಂಟಿಗೆ. ಎಣ್ಣೆ ಸರಿಯಾಗಿ ಕಾಯುವ ಮೊದಲೇ ಎಂಜಿನ್ ಆರುತ್ತದೆ. ಉರಿದ ಪೆಟ್ರೋಲಿನಿಂದ ಹುಟ್ಟುವ ನೀರಾವಿ ಬಿಸಿ ಎಂಜಿನ್ನಿನಲ್ಲಾದರೆ ಹೊರಹೋಗುತ್ತದೆ; ತಣ್ಣಗಿನದರಲ್ಲಿ ಒಳಗೇ ನೀರಾಗಿ ಎಣ್ಣೆಗಿಳಿಯುತ್ತದೆ. ಮಳೆಗಾಲದಲ್ಲಿ ಎಣ್ಣೆ ತುಂಬುವ ಮುಚ್ಚಳ ತೆಗೆದರೆ ಅದರ ಅಡಿಯಲ್ಲಿ ಹಾಲು ಬೆರೆಸಿದ ಬಣ್ಣದ ಲೋಳೆ ಕಾಣುವುದು ಇದರಿಂದ. ನೀರು ಕುಡಿದ ಕಾಗದ ಉಬ್ಬಿ ಬಲಗೆಡುತ್ತದೆ. ರಜೆಗೆ ಊರಿಗೆ ಹೋದ ವಿದ್ಯಾರ್ಥಿಯ ಬೈಕು ಎರಡು ತಿಂಗಳು ಅದೇ ಎಣ್ಣೆಯಲ್ಲಿ ನಿಂತಿರುತ್ತದೆ. ಮೀಟರಿನಲ್ಲಿ ಎರಡು ಸಾವಿರ ಕಿಲೋಮೀಟರೂ ಆಗಿಲ್ಲ, ಸರ್ವಿಸ್ ಯಾಕೆ ಎಂದು ಅವನ ವಾದ. ಮ್ಯಾನುಯಲ್ಲಿನಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದಿರುತ್ತದೆ. ಅವನು ಓದುವುದು ಮೊದಲ ಅರ್ಧ. ಇಂಥ ಬಳಕೆಗೆ ಸಾವಿರದ ಫಿಲ್ಟರ್ ಒಂದನ್ನು ವರ್ಷವಿಡೀ ಇಡುವುದಕ್ಕಿಂತ ನೂರರದ್ದನ್ನು ಎಣ್ಣೆಯ ಜೊತೆ ಎರಡು ಸಲ ಬದಲಿಸುವುದು ಮೇಲು. ಜೂನ್ ಮಳೆಗೆ ಮೊದಲು ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಗೆ ಈ ಪಂಚಾಂಗ ಹೊಂದುತ್ತದೆ.

ಕಾಪುವಿನ ಕಷ್ಟ ಹೊರಗಿನದು. 1901ರ ದೀಪಸ್ತಂಭದ ಬುಡದಿಂದ ಪಡುಬಿದ್ರಿಯ ತನಕ ಕಡಲ ಬದಿಯ ಮನೆಗಳಲ್ಲಿ ಗೇಟಿಗೂ ತುಕ್ಕು, ಕಿಟಕಿಯ ಸರಳಿಗೂ ತುಕ್ಕು. ಎಂಜಿನ್ನಿನ ಒಳಗಿರುವ ಎಲಿಮೆಂಟಿಗೆ ಉಪ್ಪುಗಾಳಿ ತಟ್ಟುವುದಿಲ್ಲ. ಹೊರಗೆ ನಿಂತ ಸ್ಪಿನ್ ಆನ್ ಡಬ್ಬಿಗೆ ತಟ್ಟುತ್ತದೆ. ಅದು ತೆಳು ತಗಡು. ಚೈನ್ ಪಾನದಲ್ಲಿ ಹಿಡಿದು ಬಿಗಿದಾಗ ಬಣ್ಣ ಗೀರಿಹೋದ ಜಾಗದಿಂದ ತುಕ್ಕು ಶುರು. ಇಲ್ಲಿ ದಪ್ಪ ಬಣ್ಣದ, ಗಟ್ಟಿ ತಗಡಿನ ಡಬ್ಬಿಗೆ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ. ಅಂಥ ಕೆಲವು ದುಬಾರಿ ಫಿಲ್ಟರುಗಳ ನೆತ್ತಿಯ ಮೇಲೆ ಸ್ಪ್ಯಾನರ್ ಹಾಕಲು ಒಂದು ನಟ್ ಇರುತ್ತದೆ. ಪಾನ ಹಾಕಿ ಮೈ ಗೀರುವ ಪ್ರಮೇಯವೇ ಇಲ್ಲ. ಅದೇ ನಟ್ಟಿನಲ್ಲಿ ತಂತಿ ಕಟ್ಟಲು ತೂತೂ ಇರುತ್ತದೆ. ಅದು ರೇಸಿನವರಿಗೆ, ಪಡುಬಿದ್ರಿಗೆ ಹೋಗಿಬರುವವರಿಗಲ್ಲ. ಅಂತೂ ಕಡಲ ಬದಿಯವರು ಬೈಕ್ ತೊಳೆಯುವಾಗ ಡಬ್ಬಿಗೂ ಸಿಹಿನೀರು ಹಾಕಿ ಒರೆಸಿದರೆ ಅರ್ಧ ಕೆಲಸ ಮುಗಿಯಿತು.

ಕಾರ್ಕಳದ್ದು ಧೂಳಿನ ಕಥೆ. ಸುತ್ತ ಕಲ್ಲುಕೋರೆ, ಕ್ರಷರುಗಳು; ಬಿಕರ್ನಕಟ್ಟೆ–ಸಾಣೂರು ನಡುವೆ ಹೆದ್ದಾರಿ ಅಗಲೀಕರಣದ ಮಣ್ಣು; ಬೇಸಿಗೆಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡ ಬೈಕಿನವನ ಅಂಗಿಯ ಬಣ್ಣ ಬದಲಾಗುತ್ತದೆ. ಕಲ್ಲಿನ ಪುಡಿಯಲ್ಲಿರುವ ಬೆಣಚು ಸಿಲಿಂಡರಿನ ಲೋಹಕ್ಕಿಂತ ಗಡುಸು. ಇದನ್ನು ಕೇಳಿ ದುಬಾರಿ ಆಯಿಲ್ ಫಿಲ್ಟರ್ ಕೊಳ್ಳಲು ಹೊರಡುವವರು ಒಂದು ಹೆಜ್ಜೆ ಹಿಂದೆ ಬರಬೇಕು. ಆ ಧೂಳು ಎಂಜಿನ್ನಿಗೆ ಹೋಗುವ ಹೆಬ್ಬಾಗಿಲು ಏರ್ ಫಿಲ್ಟರ್. ಅದು ಹರಿದಿದ್ದರೆ, ಅದರ ಡಬ್ಬಿಯ ಮುಚ್ಚಳ ಸರಿಯಾಗಿ ಕೂರದಿದ್ದರೆ, ಪಿಸ್ಟನ್ ರಿಂಗನ್ನು ತೇದ ಮೇಲಷ್ಟೇ ಬೆಣಚು ಎಣ್ಣೆಗೆ ಇಳಿಯುವುದು. ಎಂಥ ಆಯಿಲ್ ಫಿಲ್ಟರಿಗೂ ಆಗ ಸಿಗುವುದು ಹಾನಿ ಮಾಡಿ ಬಂದ ಕಣ. ಕಾರ್ಕಳ, ಬಜಗೋಳಿ, ನಿಟ್ಟೆಯ ಕಡೆಯವರ ಹೆಚ್ಚುವರಿ ಇನ್ನೂರು ರೂಪಾಯಿ ಹೋಗಬೇಕಾದ್ದು ಏರ್ ಫಿಲ್ಟರಿಗೆ. ಇನ್ನು ಹೆಬ್ರಿ ದಾಟಿ ಆಗುಂಬೆಯ ಹದಿನಾಲ್ಕು ತಿರುವು ಹತ್ತುವವರು, ಮಾಳದ ಮೇಲೆ ಕುದುರೆಮುಖಕ್ಕೆ ಹೋಗುವವರು: ಸಣ್ಣ ಗೇರಿನಲ್ಲಿ ಹಿಂಬದಿ ಸವಾರನ ಸಮೇತ ಏರುವಾಗ ಎಣ್ಣೆ ನಿಜಕ್ಕೂ ಕಾಯುತ್ತದೆ. ವಾರವಾರವೂ ಘಾಟಿ ಹತ್ತುವ 650ರವನಾದರೆ ಸಿಲಿಕೋನ್ ಪರದೆಯ ಸ್ಪಿನ್ ಆನಿಗೆ ಹೆಚ್ಚು ಕೊಡಲಿ, ನನ್ನ ತಕರಾರಿಲ್ಲ. ವರ್ಷಕ್ಕೊಮ್ಮೆ ಹೋಗುವ ಪಲ್ಸರಿನವನಿಗೆ ಬೇಡ.

ತೊಳೆದು ಮತ್ತೆ ಬಳಸುವ ಸ್ಟೀಲ್ ಜಾಲರಿಯ ಫಿಲ್ಟರುಗಳೂ ಈಗ ಸಿಗುತ್ತವೆ, "ಜೀವಮಾನಕ್ಕೊಂದೇ" ಎಂಬ ಘೋಷಣೆಯೊಂದಿಗೆ. ತೊಳೆದ ಮೇಲೆ ಕಣ್ಣಿಗೆ ಕಾಣದ ಯಾವ ಕಣ ಉಳಿಯಿತು, ಯಾವುದು ಒಳಬದಿಗೆ ದಾಟಿತು ಎಂದು ನೋಡುವ ಉಪಾಯ ನಮ್ಮ ಮನೆಯಂಗಳದಲ್ಲಿಲ್ಲ. ನಾನು ಕೊಳ್ಳುವುದಿಲ್ಲ.

ನಕಲಿಯ ವಿಷಯಕ್ಕೆ ಬರೋಣ, ಹೆಚ್ಚು ಹೆದರಬೇಕಾದ್ದು ಇದಕ್ಕೇ. ಅಗ್ಗದ ಪ್ರಾಮಾಣಿಕ ಫಿಲ್ಟರು ಸ್ವಲ್ಪ ಕಡಿಮೆ ಸೋಸೀತು. ನಕಲಿಯಲ್ಲಿ ಅಂಟು ಬಿಟ್ಟು ಕಾಗದವೇ ಕಳಚಿಕೊಳ್ಳುತ್ತದೆ, ಕಾಗದದ ನಾರು ಎಣ್ಣೆಯ ಸಣ್ಣ ದಾರಿಗಳಿಗೆ ನುಗ್ಗಿ ಅಡ್ಡ ಕೂರುತ್ತದೆ. ಅಲ್ಲಿ ಫಿಲ್ಟರ್ ಇಲ್ಲದಿದ್ದರೇ ವಾಸಿಯಿತ್ತು. ಎಷ್ಟು ನಾಜೂಕಾಗಿ ಅಚ್ಚು ಹಾಕಿದರೂ ಪೊಟ್ಟಣ ಕೆಲವು ಗುಟ್ಟು ಬಿಟ್ಟುಕೊಡುತ್ತದೆ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ತಿಂಗಳು–ವರ್ಷ, ಎಂಆರ್‌ಪಿ, ದೂರು ಕೊಡಲು ಸಂಪರ್ಕ ಎಲ್ಲ ಇರಬೇಕು. ಪಾರ್ಟ್ ನಂಬರನ್ನು ಮ್ಯಾನುಯಲ್ಲಿನದಕ್ಕೆ ತಾಳೆ ನೋಡಿ. ಒಳಗಿನ ಫಿಲ್ಟರಿನ ಮಡಿಕೆಗಳು ಸಮ ಅಂತರದಲ್ಲಿವೆಯೇ, ತುದಿಯ ಅಂಟು ಸುತ್ತಲೂ ಸಮನಾಗಿದೆಯೇ, ರಬ್ಬರ್ ಅಂಚಿನಲ್ಲಿ ಬಿರುಕಿದೆಯೇ ನೋಡಿ. ಎಂಆರ್‌ಪಿಯ ಅರ್ಧಕ್ಕೆ "ಒರಿಜಿನಲ್" ಕೊಡುತ್ತೇನೆ ಎಂದವನಿಗೆ ನಮಸ್ಕಾರ ಹೇಳಿ ಹೊರಡಿ. ಆನ್‌ಲೈನಿನಲ್ಲಿ ಕೊಳ್ಳುವಾಗ ತಾಣದ ಹೆಸರಿಗಿಂತ ಮಾರುವವನು ಯಾರು ಎಂಬುದು ಮುಖ್ಯ. ನಕಲಿಗಳು ಹೆಚ್ಚಾಗಿ ದುಬಾರಿ ಹೆಸರನ್ನೇ ಹೊತ್ತು ಬರುತ್ತವೆ, ಲಾಭ ಅಲ್ಲೇ ಇರುವುದರಿಂದ.

ಒಳ್ಳೆಯ ಫಿಲ್ಟರನ್ನು ಕೆಟ್ಟದಾಗಿ ಕೂರಿಸಿದರೆ ಬೆಲೆಯೆಲ್ಲ ನೀರು ಪಾಲು. ಎಲಿಮೆಂಟ್ ಬದಲಿಸುವಾಗ ಮುಚ್ಚಳದ ಓ ರಿಂಗ್ ಹೊಸದಾಗಬೇಕು. ಹಳೆಯದು ಚಪ್ಪಟೆಯಾಗಿ ಗಡುಸಾಗಿರುತ್ತದೆ. ಅದಕ್ಕೆ ತಗಲುವುದು ಕೆಲವೇ ರೂಪಾಯಿ, ಮೂರು ದಿನದ ಬಳಿಕ ಕಾಲಿಗೆ ಎಣ್ಣೆ ಸಿಡಿದಾಗ ಅದರ ನೆನಪಾಗುತ್ತದೆ. ಫಿಲ್ಟರಿಗೆ ಒಳಬದಿ, ಹೊರಬದಿ ಇದೆ. ಹೋಂಡಾದ ಕೆಲವು ಫಿಲ್ಟರುಗಳ ಮೇಲೆ ಹೊರಬದಿ ಯಾವುದೆಂದು ಅಚ್ಚೇ ಹಾಕಿರುತ್ತಾರೆ. ಕೆಲವು ಎಂಜಿನ್ನುಗಳಲ್ಲಿ ತಿರುಗುಮುರುಗಾಗಿ ಕೂರಿಸಿದರೆ ಎಣ್ಣೆಯ ದಾರಿಯೇ ಮುಚ್ಚಿಹೋಗುತ್ತದೆ. ಮುಚ್ಚಳದ ಸಣ್ಣ ಬೋಲ್ಟುಗಳು ಅಲ್ಯೂಮಿನಿಯಂನೊಳಗೆ ಕೂರುವಂಥವು, ಭೀಮಬಲ ತೋರಿಸುವ ಜಾಗವಲ್ಲ. ಸ್ಪಿನ್ ಆನಾದರೆ ಗ್ಯಾಸ್ಕೆಟ್ಟಿಗೆ ಬೆರಳಲ್ಲಿ ಹೊಸ ಎಣ್ಣೆ ಸವರಿ, ತಾಗುವ ತನಕ ಕೈಯಲ್ಲಿ ತಿರುಗಿಸಿ, ಆಮೇಲೆ ಫಿಲ್ಟರಿನ ಮೇಲೆ ಬರೆದಷ್ಟೇ ಬಿಗಿಯಬೇಕು. ಹಳೆಯ ಗ್ಯಾಸ್ಕೆಟ್ ಎಂಜಿನ್ನಿಗೇ ಅಂಟಿ ಉಳಿದಿಲ್ಲವೆಂದು ನೋಡಿಕೊಳ್ಳಬೇಕು. ಫಿಲ್ಟರ್ ಬದಲಿಸಿದ ಸಲ ಎಣ್ಣೆ ಸ್ವಲ್ಪ ಹೆಚ್ಚು ಹಿಡಿಸುತ್ತದೆ. ಮ್ಯಾನುಯಲ್ಲಿನಲ್ಲಿ ಎರಡು ಬೇರೆ ಅಳತೆ ಕೊಟ್ಟಿರುವುದು ಅದಕ್ಕೇ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಮಟ್ಟ ಮತ್ತೆ ನೋಡಬೇಕು.

ತೆಗೆದ ಹಳೆಯ ಎಲಿಮೆಂಟನ್ನು ಎಸೆಯುವ ಮೊದಲು ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಕಪ್ಪು ಮಸಿ ಸಹಜ. ಅಲ್ಲಲ್ಲಿ ಮಿನುಗುವ ತೀರ ಸಣ್ಣ ಪುಡಿಯೂ ಸಹಜ. ಉಗುರಿಗೆ ತಗಲುವಂಥ ಚೂರುಗಳಿದ್ದರೆ ಒಂದು ಅಯಸ್ಕಾಂತ ತನ್ನಿ. ಅಂಟಿಕೊಂಡರೆ ಉಕ್ಕು, ಹೆಚ್ಚಾಗಿ ಗೇರು ಇಲ್ಲವೇ ಕ್ಯಾಮ್ ಚೈನಿನ ಕಡೆಯದು. ಅಂಟದೆ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ, ಪಿಸ್ಟನ್ನನ್ನು ಶಂಕಿಸಬೇಕು. ಅಂಟದೆ ಹಳದಿ, ತಾಮ್ರದ ಛಾಯೆಯಿದ್ದರೆ ಬುಶ್ ಅಥವಾ ಬೇರಿಂಗು. ಎಂಜಿನ್ನಿನ ಆರೋಗ್ಯದ ಬಗ್ಗೆ ಇಷ್ಟು ಅಗ್ಗದ ರಿಪೋರ್ಟ್ ಬೇರೆಲ್ಲೂ ಸಿಗದು, ನೂರರ ಫಿಲ್ಟರೂ ಸಾವಿರದ್ದೂ ಇದನ್ನು ಒಂದೇ ರೀತಿ ಕೊಡುತ್ತವೆ.

ಸುಟ್ಟ ಆಯಿಲನ್ನು ಗೆದ್ದಲಿಗೆಂದು ಮರಕ್ಕೆ ಬಳಿಯುವುದು, ಉಳಿದದ್ದನ್ನು ತೋಟದ ಮೂಲೆಗೆ ಸುರಿಯುವುದು ನಮ್ಮಲ್ಲಿ ಇನ್ನೂ ಇದೆ. 2016ರ ನಿಯಮಗಳಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿದೆ. ಕೆಂಪುಕಲ್ಲಿನ ನೆಲದಲ್ಲಿ ಸುರಿದದ್ದು ನಿಲ್ಲುವುದಿಲ್ಲ, ಇಳಿಯುತ್ತದೆ, ಮನೆಯ ಬಾವಿಯೂ ಅದೇ ನೆಲದಲ್ಲಿದೆ. ಸ್ಪಿನ್ ಆನ್ ಡಬ್ಬಿಯೊಳಗೆ ಎಣ್ಣೆ ಉಳಿದಿರುತ್ತದೆ, ರಾತ್ರಿಯಿಡೀ ಬಾಯಿ ಕೆಳಗಾಗಿ ಬಸಿಯಲು ಬಿಟ್ಟು, ಎಣ್ಣೆಯನ್ನು ಹಳೆ ಆಯಿಲ್ ಡಬ್ಬಕ್ಕೆ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಸುರಿಯಬೇಕು. ಕಾಗದದ ಎಲಿಮೆಂಟಾದರೆ ಈ ರಗಳೆಯಿಲ್ಲ, ಗ್ಯಾರೇಜಿನಲ್ಲೇ ಬಿಟ್ಟು ಬರಬಹುದು, ಬಿಡಿಸಿ ನೋಡಿದ ಮೇಲೆ.